ಕೆಂಪು ನಕ್ಷತ್ರದ ಮರ

1935ರ ಡಿಸೆಂಬರ್ 28ರಂದು ಸೋವಿಯತ್ ಒಕ್ಕೂಟದ ‘ಪ್ರಾವ್ದಾ’ ಪತ್ರಿಕೆಯಲ್ಲಿ ಒಂದು ಪುಟ್ಟ ಪತ್ರ ಅಚ್ಚಾಯಿತು. ಬರೆದವನು ಪಾವೆಲ್ ಪೋಸ್ತಿಶೆವ್. ಉಕ್ರೇನಿನ ಕಮ್ಯುನಿಸ್ಟ್ ಪಕ್ಷದಲ್ಲಿ ಎರಡನೆಯ ಕಾರ್ಯದರ್ಶಿ, ಪಾಲಿಟ್‌ಬ್ಯೂರೋದ ಅಭ್ಯರ್ಥಿ ಸದಸ್ಯ. ಕ್ರಾಂತಿಗೆ ಮೊದಲು ಸಿರಿವಂತರೂ ಸರ್ಕಾರಿ ಅಧಿಕಾರಿಗಳೂ ಚಳಿಗಾಲದಲ್ಲಿ ತಮ್ಮ ಮಕ್ಕಳಿಗಾಗಿ ಮನೆಯಲ್ಲಿ ಮರ ನಿಲ್ಲಿಸಿ ಸಿಂಗರಿಸುತ್ತಿದ್ದರು, ಕೂಲಿಕಾರರ ಮಕ್ಕಳು ಕಿಟಕಿಯಾಚೆ ನಿಂತು ಆಸೆಗಣ್ಣಿನಿಂದ ಅದನ್ನು ನೋಡುತ್ತಿದ್ದರು, ಈಗ ದೇಶವೇ ದುಡಿಯುವವರದಾಗಿರುವಾಗ ಅದೇ ಸಂತೋಷವನ್ನು ನಮ್ಮ ಮಕ್ಕಳಿಗೆ ಯಾಕೆ ತಪ್ಪಿಸಬೇಕು ಎಂದು ಅವನು ಕೇಳಿದ್ದ. ಯಾರೋ ಅತಿರೇಕದ ಎಡಪಂಥೀಯರು ಈ ಮರವನ್ನು ಬೂರ್ಜ್ವಾ ಪದ್ಧತಿ ಎಂದು ಹಳಿದುಬಿಟ್ಟರು, ಅದನ್ನು ಸರಿಪಡಿಸೋಣ, ಶಾಲೆಗಳಲ್ಲಿ, ಅನಾಥಾಲಯಗಳಲ್ಲಿ, ಮಕ್ಕಳ ಸಂಘಟನೆಯಾದ ಪಯನೀರ್‌ನ ಅರಮನೆಗಳಲ್ಲಿ ಹೊಸ ವರ್ಷಕ್ಕೆ ಮಕ್ಕಳಿಗಾಗಿ ಒಂದು ಒಳ್ಳೆಯ ಯೋಲ್ಕಾ ನಿಲ್ಲಿಸೋಣ ಎಂಬುದು ಪತ್ರದ ಸಾರ.

ಯೋಲ್ಕಾ ಎಂದರೆ ಸ್ಪ್ರೂಸ್ ಮರ, ನಮ್ಮೂರುಗಳಲ್ಲಿ ಕ್ರಿಸ್‌ಮಸ್ ಟ್ರೀ ಎಂದು ಕರೆಯುವ ಅದೇ ಮರ. ಹೊಸ ವರ್ಷಕ್ಕೆ ಇನ್ನು ಮೂರೇ ದಿನ ಉಳಿದಿದ್ದವು. ಅಷ್ಟರಲ್ಲಿ ಇಡೀ ದೇಶ ಮರಕ್ಕಾಗಿ ಕಾಡಿಗೆ ನುಗ್ಗಿತು. ಯುವ ಕಮ್ಯುನಿಸ್ಟರ ಸಂಘಟನೆಯಾದ ಕೊಮ್ಸೊಮೋಲ್‌ನ ಮುಖ್ಯಸ್ಥ ಅಲೆಕ್ಸಾಂದರ್ ಕೊಸರೆವ್ ಎಲ್ಲ ಶಾಖೆಗಳಿಗೂ ಸೂಚನೆ ಕಳಿಸಿದ. ಹಿಂದಿನ ವರ್ಷದವರೆಗೂ ಮರ ಕಂಡ ಮನೆಯನ್ನು ಅನುಮಾನದಿಂದ ನೋಡುತ್ತಿದ್ದ ಅದೇ ಕಾರ್ಯಕರ್ತರು ಈಗ ಮರ ಎಲ್ಲಿ ಸಿಗುತ್ತದೆಂದು ಹುಡುಕುತ್ತ ಓಡಾಡಬೇಕಾಯಿತು.

ಆ ಮೂರು ದಿನಗಳ ಗಡಿಬಿಡಿ ಅರ್ಥವಾಗಬೇಕಾದರೆ ಆ ಮರದ ಮೇಲೆ ಅದಕ್ಕೂ ಮೊದಲು ಹೊರಿಸಿದ್ದ ಆರೋಪಗಳನ್ನು ತಿಳಿಯಬೇಕು. ಅದು ದೇವರ ಮರ ಎಂಬುದು ಕೊನೆಗೆ ಬಂದ ಆರೋಪ. ಅದಕ್ಕಿಂತ ಮೊದಲು ದೇವರನ್ನು ನಂಬಿದವರೇ ಅದನ್ನು ದೂರ ಇಟ್ಟಿದ್ದರು.

ರಷ್ಯದಲ್ಲಿ ಹೊಸ ವರ್ಷಕ್ಕೂ ಈ ಮರಕ್ಕೂ ನಂಟು ಬೆಸೆದವನು ತ್ಸಾರ್ ಪೀಟರ್. ಅಲ್ಲಿಯವರೆಗೆ ರಷ್ಯನ್ನರು ಜಗತ್ತಿನ ಸೃಷ್ಟಿಯಿಂದ ವರ್ಷ ಎಣಿಸುತ್ತಿದ್ದರು, ಅವರ ಹೊಸ ವರ್ಷ ಸೆಪ್ಟೆಂಬರ್ 1ಕ್ಕೆ ಬರುತ್ತಿತ್ತು. ಅವರ ಲೆಕ್ಕದ 7208ನೆಯ ಇಸವಿಯಲ್ಲಿ, ಅಂದರೆ 1699ರ ಡಿಸೆಂಬರಿನಲ್ಲಿ, ಪೀಟರ್ ಒಂದು ಆಜ್ಞೆ ಹೊರಡಿಸಿದ: ಇನ್ನು ಮುಂದೆ ಯೂರೋಪಿನಂತೆ ಕ್ರಿಸ್ತನ ಹುಟ್ಟಿನಿಂದ ವರ್ಷ ಎಣಿಸಬೇಕು, 1700ರ ಜನವರಿ 1ರಂದು ಮನೆಗಳ ಹೆಬ್ಬಾಗಿಲಿಗೆ ಪೈನ್, ಸ್ಪ್ರೂಸ್, ಜುನಿಪರ್ ಟೊಂಗೆಗಳನ್ನು ಕಟ್ಟಬೇಕು. ಪೀಟರ್ ಸತ್ತ ಮೇಲೆ ಟೊಂಗೆ ಕಟ್ಟುವ ಪದ್ಧತಿ ಹೆಚ್ಚಾಗಿ ಹೆಂಡದಂಗಡಿಗಳ ಸೂರಿನ ಮೇಲೆ ಮಾತ್ರ ಉಳಿಯಿತು. ಸಾಮಾನ್ಯ ರಷ್ಯನ್ ರೈತನಿಗಂತೂ ಸ್ಪ್ರೂಸ್ ಸಾವಿನ ಮರ. ಹೆಣ ಒಯ್ಯುವ ದಾರಿಯುದ್ದಕ್ಕೂ ಅದರ ಟೊಂಗೆ ಹಾಸುವುದು ಹಳ್ಳಿಗಳ ರೂಢಿ. ಅಂಥದ್ದನ್ನು ಮನೆಯೊಳಗೆ ತಂದು, ಮೇಣದ ಬತ್ತಿ ಹಚ್ಚಿ, ಮಕ್ಕಳನ್ನು ಸುತ್ತ ಕುಣಿಸುವುದು ಅವನ ಕಲ್ಪನೆಗೂ ಮೀರಿದ್ದು.

ಮನೆಯೊಳಗಿನ ಮರ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲೆಸಿದ್ದ ಜರ್ಮನರ ಮೂಲಕ. ಪ್ರಷ್ಯದ ರಾಜಕುಮಾರಿಯೊಬ್ಬಳು ಮುಂದೆ ತ್ಸಾರ್ ಆದ ಒಂದನೆಯ ನಿಕೊಲಾಯ್‌ನನ್ನು ಮದುವೆಯಾಗಿ ಬಂದು, ತವರಿನ ಪದ್ಧತಿಯನ್ನು ಅರಮನೆಗೂ ತಂದಳು. ಅರಮನೆಯಲ್ಲಿ ಕಂಡದ್ದು ಶ್ರೀಮಂತರ ಮನೆಗಳಲ್ಲಿ ಕಾಣಿಸಿತು. 1840ರ ದಶಕದ ಹೊತ್ತಿಗೆ ರಾಜಧಾನಿಯ ಮಿಠಾಯಿ ಅಂಗಡಿಗಳು ಸಿಂಗರಿಸಿದ ಮರಗಳನ್ನೇ ಮಾರತೊಡಗಿದ್ದವು. ಆರ್ಥೊಡಾಕ್ಸ್ ಚರ್ಚಿನ ಪಾದ್ರಿಗಳಿಗೆ ಇದು ಹಿಡಿಸಲಿಲ್ಲ. ಕ್ರಿಸ್ತನ ಹುಟ್ಟಿನ ದಿನ ಉಪವಾಸ ಮುಗಿಸಿ ಪ್ರಾರ್ಥನೆಗೆ ಬರಬೇಕಾದವರು ಲೂಥರನ ಅನುಯಾಯಿಗಳಿಂದ ಎರವಲು ತಂದ ಮರದ ಸುತ್ತ ಕುಣಿಯುತ್ತಾರೆ, ಸುವಾರ್ತೆಯಲ್ಲಿ ಎಲ್ಲಿದೆ ಈ ಮರ ಎಂಬುದು ಅವರ ಆಕ್ಷೇಪ. ಮುಂದೆ ನಡೆದದ್ದನ್ನು ನೋಡಿದರೆ ಈ ಆಕ್ಷೇಪವನ್ನು ಮರೆಯುವಂತಿಲ್ಲ. ಧರ್ಮದ ಕುರುಹೆಂದು ಯಾವುದನ್ನು ಮುಂದೆ ನಿಷೇಧಿಸಲಾಯಿತೋ ಅದನ್ನು ಧರ್ಮದ ಹಿರಿಯರು ಮೊದಲಿಗೆ ತಮ್ಮದೆಂದು ಒಪ್ಪಿರಲೇ ಇಲ್ಲ.

ಒಪ್ಪಿಕೊಂಡವರು ತಾಯಂದಿರು, ಮಕ್ಕಳು, ಆಮೇಲೆ ಲೇಖಕರು. ದೊಸ್ತೊಯೆವ್‌ಸ್ಕಿ 1876ರಲ್ಲಿ ಪ್ರಕಟಿಸಿದ ಒಂದು ಕಥೆಯಲ್ಲಿ ತಾಯಿ ಸತ್ತ ಬಡ ಹುಡುಗನೊಬ್ಬ ಚಳಿಯಲ್ಲಿ ಅಲೆಯುತ್ತ ಕಿಟಕಿಯ ಗಾಜಿನ ಮೂಲಕ ಶ್ರೀಮಂತರ ಮನೆಯ ಮರವನ್ನು ನೋಡುತ್ತಾನೆ. ಕೊನೆಗೆ ಹಿಮದಲ್ಲಿ ಹೆಪ್ಪುಗಟ್ಟಿ ಸಾಯುವ ಹೊತ್ತಿನಲ್ಲಿ ಕ್ರಿಸ್ತನ ಮನೆಯ ಮರ ಅವನಿಗೆ ಕಾಣುತ್ತದೆ. ಪೋಸ್ತಿಶೆವ್‌ನ ಪತ್ರದಲ್ಲಿ ಕಿಟಕಿಯಾಚೆ ನಿಂತ ಮಕ್ಕಳು ಈ ಹುಡುಗನ ಒಡಹುಟ್ಟಿದವರಂತೆಯೇ ಇದ್ದಾರೆ. ಕಥೆಯಲ್ಲಿ ಆ ಮಗುವನ್ನು ಒಳಗೆ ಕರೆಯುವವನು ಕ್ರಿಸ್ತ. ಪತ್ರದಲ್ಲಿ ಆ ಕೆಲಸವನ್ನು ಪಕ್ಷ ತನ್ನ ಮೇಲೆ ಹೊತ್ತುಕೊಂಡಿತು.

1914ರಲ್ಲಿ ಜರ್ಮನಿಯೊಂದಿಗೆ ಯುದ್ಧ ಶುರುವಾದಾಗ ಜರ್ಮನ್ ಎನಿಸಿದ್ದೆಲ್ಲ ಶತ್ರುವಾಯಿತು. ರಾಜಧಾನಿಯ ಹೆಸರೇ ಜರ್ಮನ್ ನಾದ ಕಳೆದುಕೊಂಡು ಪೆತ್ರೊಗ್ರಾದ್ ಆಯಿತು. ಆ ಚಳಿಗಾಲ ಸಾರಾತೋವ್ ನಗರದ ಆಸ್ಪತ್ರೆಯಲ್ಲಿದ್ದ ಜರ್ಮನ್ ಯುದ್ಧಕೈದಿಗಳು ಮರ ನಿಲ್ಲಿಸಿ ಕ್ರಿಸ್‌ಮಸ್ ಆಚರಿಸಿದರೆಂಬ ಸುದ್ದಿಗೆ ಪತ್ರಿಕೆಗಳು ಕೆರಳಿದವು. ಮರ ಶತ್ರುವಿನದು, ದೇಶಭಕ್ತರ ಮನೆಯಲ್ಲಿ ಅದಕ್ಕೆ ಜಾಗವಿರಬಾರದು ಎಂಬ ಕೂಗೆದ್ದಿತು. ಬೊಲ್ಷೆವಿಕರು ಅಧಿಕಾರಕ್ಕೆ ಬರುವ ಮೂರು ವರ್ಷ ಮೊದಲೇ ಮರ ಕಟಕಟೆಯಲ್ಲಿ ನಿಂತಿತ್ತು.

ಬೊಲ್ಷೆವಿಕರು ಬಂದ ಕೂಡಲೇ ಅದನ್ನು ಶಿಕ್ಷಿಸಲಿಲ್ಲ. ಲೆನಿನ್‌ಗೆ ಅದರ ಮೇಲೆ ಸಿಟ್ಟೂ ಇರಲಿಲ್ಲ. 1919ರ ಜನವರಿ 6ರ ಸಂಜೆ ಅವನು ಮಾಸ್ಕೋದ ಅಂಚಿನ ಸೊಕೋಲ್ನಿಕಿಯ ಕಾಡುಶಾಲೆಗೆ ಹೊರಟಿದ್ದ. ಹೆಂಡತಿ ನಾದೆಝ್ದಾ ಕ್ರೂಪ್ಸ್ಕಯಾ ಅಲ್ಲಿ ಆರೋಗ್ಯ ಸುಧಾರಿಸಿಕೊಳ್ಳುತ್ತಿದ್ದಳು, ಮಕ್ಕಳಿಗಾಗಿ ಯೋಲ್ಕಾ ಏರ್ಪಾಡಾಗಿತ್ತು. ದಾರಿಯಲ್ಲಿ ಕೊಶೆಲ್ಕೋವ್ ಎಂಬ ದರೋಡೆಕೋರನ ಗುಂಪು ಕಾರನ್ನು ಅಡ್ಡಗಟ್ಟಿ, ಎಲ್ಲರನ್ನೂ ಇಳಿಸಿ, ಕಾರು ಕಸಿದುಕೊಂಡು ಹೋಯಿತು. ಕ್ರೂಪ್ಸ್ಕಯಾಗಾಗಿ ತಂದಿದ್ದ ಹಾಲಿನ ಕ್ಯಾನು ಹಿಡಿದ ಕಾವಲುಗಾರನೊಂದಿಗೆ ಲೆನಿನ್ ರಸ್ತೆಯಲ್ಲಿ ನಿಂತಿದ್ದ. ಆದರೂ ಮಕ್ಕಳ ಹಬ್ಬ ನಿಲ್ಲಲಿಲ್ಲ, ಅವನು ಶಾಲೆ ತಲುಪಿದ. ಮುಂದೆ ಯೋಲ್ಕಾ ಮರಳಿದಾಗ ಲೆನಿನ್ ಮಕ್ಕಳ ನಡುವೆ ಮರದ ಪಕ್ಕ ನಿಂತ ಈ ಕಥೆಯನ್ನು ಪುಸ್ತಕಗಳಲ್ಲಿ ಮತ್ತೆ ಮತ್ತೆ ಹೇಳಲಾಯಿತು. ಅಂದು ಆರ್ಥೊಡಾಕ್ಸ್ ಲೆಕ್ಕದಲ್ಲಿ ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಎಂಬುದು ಮಾತ್ರ ಆ ಪುಸ್ತಕಗಳ ಕಥೆಗೆ ಬೇಡದ ವಿವರವಾಗಿತ್ತು.

ಹಬ್ಬವನ್ನು ನಿಜಕ್ಕೂ ಅಲುಗಾಡಿಸಿದ್ದು ಪಂಚಾಂಗ. 1918ರಲ್ಲಿ ಹೊಸ ಸರ್ಕಾರ ಹಳೆಯ ಜೂಲಿಯನ್ ಲೆಕ್ಕ ಕೈಬಿಟ್ಟು ಯೂರೋಪಿನ ಗ್ರೆಗೋರಿಯನ್ ಲೆಕ್ಕಕ್ಕೆ ಬಂತು. ಜನವರಿ 31 ಮುಗಿದ ಮರುದಿನ ಫೆಬ್ರವರಿ 14. ನಡುವಿನ ಹದಿಮೂರು ದಿನಗಳು ಆ ವರ್ಷ ಬರಲೇ ಇಲ್ಲ. ಚರ್ಚು ಮಾತ್ರ ಹಳೆಯ ಲೆಕ್ಕ ಬಿಡಲಿಲ್ಲ, ಅದರ ಡಿಸೆಂಬರ್ 25 ಸರ್ಕಾರದ ಜನವರಿ 7ಕ್ಕೆ ಬಿತ್ತು. ಚಾಂದ್ರಮಾನ ಯುಗಾದಿ ಮುಗಿದು ವಾರಗಳು ಕಳೆದ ಮೇಲೆ ತುಳುನಾಡಿನಲ್ಲಿ ಬಿಸು ಬರುವುದನ್ನು ನೋಡಿರುವ ನಮಗೆ ಎರಡು ಲೆಕ್ಕಗಳು ಒಂದೇ ನಾಡಿನಲ್ಲಿ ಬಾಳುವುದು ಹೊಸದೇನಲ್ಲ. ರಷ್ಯದಲ್ಲಿ ತೊಡಕು ಬೇರೆ ಕಡೆ ಇತ್ತು. ಮೊದಲು ಕ್ರಿಸ್‌ಮಸ್ ಬಂದು ಆಮೇಲೆ ಹೊಸ ವರ್ಷ ಬರುತ್ತಿತ್ತು. ಈಗ ಹೊಸ ವರ್ಷವೇ ಮೊದಲಾಯಿತು, ಅದೂ ಕ್ರಿಸ್‌ಮಸ್‌ಗೆ ಮುಂಚಿನ ನಲವತ್ತು ದಿನಗಳ ವ್ರತದ ನಡುವೆ. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಬಿಟ್ಟು ಕಟ್ಟುನಿಟ್ಟಾಗಿ ವ್ರತ ಹಿಡಿದವನಿಗೆ ಜನವರಿ 1ರ ಊಟ ವ್ರತಭಂಗವಾಯಿತು. ಒಂದೇ ಹಬ್ಬದ ಸಾಲಿನಲ್ಲಿದ್ದ ಎರಡು ದಿನಗಳು ಎದುರಾಳಿಗಳಾದವು. ಮುಂದೆ ದೇವರಿಲ್ಲದ ಹೊಸ ವರ್ಷವನ್ನು ಕಟ್ಟುವುದಕ್ಕೆ ಸರ್ಕಾರಕ್ಕೆ ಈ ಅದಲುಬದಲು ತುಂಬ ಅನುಕೂಲವಾಯಿತು. ಹಳೆಯ ಲೆಕ್ಕದ ಹೊಸ ವರ್ಷವನ್ನು, ಅಂದರೆ ಜನವರಿ 14ನ್ನು, ಜನ ಕೈಬಿಡದೆ ‘ಹಳೆಯ ಹೊಸ ವರ್ಷ’ ಎಂದು ಇಂದಿಗೂ ಆಚರಿಸುತ್ತಾರೆ.

ನೇರ ದಾಳಿ ನಡೆದದ್ದು 1923ರ ಜನವರಿಯಲ್ಲಿ. ಕ್ರಿಸ್‌ಮಸ್ ದಿನ ಮಾಸ್ಕೋ ಮತ್ತು ಅನೇಕ ಊರುಗಳಲ್ಲಿ ಕೊಮ್ಸೊಮೋಲ್‌ನ ಹುಡುಗ ಹುಡುಗಿಯರು ‘ಕೊಮ್ಸೊಮೋಲ್ ಕ್ರಿಸ್‌ಮಸ್’ ಎಂದು ಮೆರವಣಿಗೆ ಹೊರಟರು. ಪಾದ್ರಿ, ರಬ್ಬಿ, ಮುಲ್ಲಾಗಳ ವೇಷ ತೊಟ್ಟು, ಅಣಕದ ಪ್ರಾರ್ಥನೆ ಹಾಡಿ, ಎಲ್ಲ ಧರ್ಮಗಳ ದೇವರ ಬೊಂಬೆಗಳನ್ನು ರಾಶಿ ಹಾಕಿ ಸುಟ್ಟರು. ಒಳಗೆ ಚರ್ಚಿನಲ್ಲಿ ಪ್ರಾರ್ಥನೆಗೆ ನಿಂತಿದ್ದ ಅಜ್ಜಿಯರು ಹೊರಗೆ ಬಂದಾಗ ಬೀದಿಯಲ್ಲಿ ಕಂಡದ್ದು ಅದು. ಮೂಢನಂಬಿಕೆಯನ್ನು ಪ್ರಶ್ನಿಸುವುದು ಬೇರೆ, ಮುದುಕಿಯೊಬ್ಬಳ ಮುಖದೆದುರು ಅವಳ ದೇವರನ್ನು ಸುಟ್ಟು ನಗುವುದು ಬೇರೆ. ಎರಡನೆಯದನ್ನು ವಿಚಾರವಾದವೆಂದು ಕರೆಯಲು ನನಗಂತೂ ಸಾಧ್ಯವಿಲ್ಲ. ಪಕ್ಷಕ್ಕೂ ಅದರ ಪರಿಣಾಮ ಬೇಗ ತಿಳಿಯಿತು. ಅದೇ ವರ್ಷ ಏಪ್ರಿಲಿನಲ್ಲಿ ನಡೆದ ಹನ್ನೆರಡನೆಯ ಅಧಿವೇಶನ, ನಂಬಿಕೆಯುಳ್ಳವರನ್ನು ಒರಟಾಗಿ ಗೇಲಿ ಮಾಡಿದರೆ ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಸಡಿಲಾಗದು ಎಂದು ಎಚ್ಚರಿಸಿತು. ಮೆರವಣಿಗೆಗಳ ಜಾಗಕ್ಕೆ ಉಪನ್ಯಾಸಗಳು, ನಾಟಕಗಳು ಬಂದವು.

ಆದರೆ ಆ ವಿವೇಕ ಹೆಚ್ಚು ಕಾಲ ಬಾಳಲಿಲ್ಲ. ಎಮೆಲ್ಯಾನ್ ಯಾರೊಸ್ಲಾವ್‌ಸ್ಕಿಯ ಮುಂದಾಳತ್ವದಲ್ಲಿ 1925ರಲ್ಲಿ ಕಟ್ಟಿದ ನಿರ್ದೇವರ ಸಂಘ 1929ರಲ್ಲಿ ‘ಹೋರಾಟಗಾರ ನಿರ್ದೇವರ ಸಂಘ’ ಎಂದು ಹೆಸರು ಬದಲಿಸಿಕೊಂಡಿತು. ಅದು ಮೊದಲ ಪಂಚವಾರ್ಷಿಕ ಯೋಜನೆಯ ಕಾಲ, ಹಳ್ಳಿಗಳಲ್ಲಿ ಜಮೀನುಗಳನ್ನು ಬಲವಂತವಾಗಿ ಒಗ್ಗೂಡಿಸುತ್ತಿದ್ದ ಕಾಲ. 1929ರ ಸೆಪ್ಟೆಂಬರಿನಲ್ಲಿ ಸರ್ಕಾರ ವಾರವನ್ನೇ ಮುರಿಯಿತು. ನಾಲ್ಕು ದಿನ ದುಡಿಮೆ, ಐದನೆಯ ದಿನ ರಜೆ. ಅದೂ ಎಲ್ಲರಿಗೂ ಒಂದೇ ದಿನವಲ್ಲ, ಕಾರ್ಮಿಕರನ್ನು ಐದು ಬಣ್ಣಗಳ ಗುಂಪುಗಳಾಗಿ ಹಂಚಿ ಒಬ್ಬೊಬ್ಬರಿಗೆ ಒಂದೊಂದು ದಿನ. ಯಂತ್ರಗಳು ಎಂದೂ ನಿಲ್ಲಬಾರದೆಂಬುದು ಗುರಿ. ಭಾನುವಾರ ಎಂಬುದೇ ಇಲ್ಲವಾಯಿತು. ಗಂಡನ ರಜೆಯ ದಿನ ಹೆಂಡತಿ ಕಾರ್ಖಾನೆಯಲ್ಲಿ, ಮಕ್ಕಳು ಶಾಲೆಯಲ್ಲಿ. ಅದೇ ಆದೇಶದಲ್ಲಿ ಇನ್ನೊಂದು ಸಾಲಿತ್ತು: ಹೊಸ ವರ್ಷದ ದಿನವೂ, ಎಲ್ಲ ಧಾರ್ಮಿಕ ಹಬ್ಬಗಳ ದಿನಗಳೂ ಮಾಮೂಲಿ ಕೆಲಸದ ದಿನಗಳು.

ಕ್ರಿಸ್‌ಮಸ್‌ನ ಜೊತೆಗೆ ಹೊಸ ವರ್ಷವನ್ನೂ ಅಳಿಸಿದ್ದನ್ನು ಗಮನಿಸಬೇಕು. ಜನವರಿ 1ರಲ್ಲಿ ದೇವರಿರಲಿಲ್ಲ, ಆದರೂ ಅದನ್ನು ಬಿಡಲಿಲ್ಲ. ಮನೆಮಂದಿಯೆಲ್ಲ ಒಂದೆಡೆ ಸೇರುವ, ಸರ್ಕಾರ ಹೇಳಿಕೊಡದ ಯಾವ ದಿನವೂ ಆಗ ಅನುಮಾನಕ್ಕೆ ಒಳಗಾಗುತ್ತಿತ್ತು. ಮರವನ್ನು ಪಾದ್ರಿಗಳ ಪಳೆಯುಳಿಕೆ ಎಂದು ಮಕ್ಕಳ ಪತ್ರಿಕೆಗಳು ಮೂದಲಿಸಿದವು. ಮರ ನಿಲ್ಲಿಸಬೇಡಿ ಎಂದು ಅಪ್ಪ ಅಮ್ಮನಿಗೆ ಹೇಳಲು ಶಾಲೆಗಳಲ್ಲಿ ಮಕ್ಕಳಿಗೇ ಕಲಿಸಿದರು. ಕಾಡುಗಳನ್ನು ಉಳಿಸಬೇಕೆಂಬ ವಾದವನ್ನೂ ಮುಂದಿಟ್ಟರು. ಬೀದಿಗಳಲ್ಲಿ ಕಾರ್ಯಕರ್ತರು ಕಿಟಕಿಗಳನ್ನು ನೋಡುತ್ತ ಸುತ್ತುತ್ತಿದ್ದುದನ್ನು, ಮನೆಯವರು ಕಿಟಕಿಗೆ ಕಂಬಳಿ ಹೊದಿಸಿ ಒಳಗೆ ಪುಟ್ಟ ಮರಕ್ಕೆ ಬತ್ತಿ ಹಚ್ಚುತ್ತಿದ್ದುದನ್ನು ಆ ಕಾಲದ ಅನೇಕರು ಮುಂದೆ ನೆನೆದು ಹೇಳಿದ್ದಾರೆ. ಟೊಂಗೆಯೊಂದನ್ನು ಕೋಟಿನೊಳಗೆ ಅಡಗಿಸಿ ತರುವುದು, ಹಬ್ಬ ಮುಗಿದ ಮೇಲೆ ಅದನ್ನು ತುಂಡು ಮಾಡಿ ಒಲೆಗೆ ಹಾಕುವುದು, ನೆರೆಮನೆಯಲ್ಲಿ ಬಾಯಿ ಬಿಡಬಾರದೆಂದು ಮಗುವಿಗೆ ಪಾಠ ಹೇಳುವುದು, ಇವೂ ಆ ಹಬ್ಬದ ವಿಧಿಗಳಾದವು. ಹೀಗೆ ಕದ್ದು ಮರ ನಿಲ್ಲಿಸಿದವರೆಲ್ಲ ಭಕ್ತರಾಗಿರಲಿಲ್ಲ. ಕೆಲವರಿಗೆ ಅದು ಕ್ರಿಸ್ತನ ಹುಟ್ಟು, ಕೆಲವರಿಗೆ ತಮ್ಮ ಬಾಲ್ಯ, ಕೆಲವರಿಗೆ ಚಳಿಗಾಲದ ಕತ್ತಲಲ್ಲಿ ಮಗುವನ್ನು ನಗಿಸುವ ಒಂದೇ ದಾರಿ. ಕಂಬಳಿಯ ಹಿಂದೆ ಹಬ್ಬದ ಅರ್ಥವನ್ನು ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಈ ಮನೆಗಳೇ. ಚರ್ಚು, ಪತ್ರಿಕೆ, ಪಕ್ಷ ಮೂರೂ ಮರಕ್ಕೆ ಅರ್ಥ ಹಚ್ಚಲು ಹೆಣಗಿದವು. ಅರ್ಥ ಉಳಿದುಕೊಂಡದ್ದು ಮಾತ್ರ ಇಂಥ ಮನೆಗಳಲ್ಲಿ.

ಹಾಗಿರುವಾಗ 1935ರಲ್ಲಿ ಸರ್ಕಾರ ಯಾಕೆ ಮನಸ್ಸು ಬದಲಿಸಿತು? ಸ್ಟಾಲಿನ್‌ನ ನಂತರ ದೇಶದ ನಾಯಕನಾದ ಕ್ರುಶ್ಚೇವ್ ತನ್ನ ನೆನಪುಗಳಲ್ಲಿ ಹೇಳುವ ಪ್ರಕಾರ, ಸ್ಟಾಲಿನ್‌ನ ಕಾರಿನಲ್ಲಿ ಹೋಗುತ್ತಿರುವಾಗ ಪೋಸ್ತಿಶೆವ್ ಈ ಮಾತೆತ್ತಿದ. ಯೋಲ್ಕಾವನ್ನು ಮಕ್ಕಳಿಗೆ ಮರಳಿ ಕೊಡೋಣವೇ ಎಂದು ಕೇಳಿದ. ನೀನೇ ಪತ್ರಿಕೆಗೆ ಬರೆದು ಶುರುಮಾಡು, ನಾವು ಬೆಂಬಲಿಸುತ್ತೇವೆ ಎಂದು ಸ್ಟಾಲಿನ್ ಒಪ್ಪಿದ. ಆ ವರ್ಷದ ಮೊದಲ ದಿನ ಬ್ರೆಡ್ಡಿನ ಪಡಿತರ ಚೀಟಿ ರದ್ದಾಗಿತ್ತು. ಬದುಕು ಮೊದಲಿಗಿಂತ ಹಸನಾಗಿದೆ, ಖುಷಿಯದಾಗಿದೆ ಎಂದು ನವೆಂಬರಿನಲ್ಲಿ ಸ್ಟಾಲಿನ್ ಸಾರಿದ್ದ. ಖುಷಿ ಕಣ್ಣಿಗೆ ಕಾಣಬೇಕಲ್ಲ. ಸಿಂಗರಿಸಿದ ಮರದ ಸುತ್ತ ಕೈಹಿಡಿದು ಕುಣಿಯುವ ಮಕ್ಕಳಿಗಿಂತ ಚೆನ್ನಾದ ಪುರಾವೆ ಯಾವುದು?

ಪೋಸ್ತಿಶೆವ್‌ನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು. 1933ರ ಜನವರಿಯಲ್ಲಿ ಸ್ಟಾಲಿನ್ ಅವನನ್ನು ಉಕ್ರೇನಿಗೆ ಕಳಿಸಿದ್ದು ಧಾನ್ಯ ವಸೂಲಿಯನ್ನು ಬಿಗಿಗೊಳಿಸುವುದಕ್ಕೆ. ಆಗ ಉಕ್ರೇನಿನ ಹಳ್ಳಿಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದರು, ಅವರಲ್ಲಿ ಮಕ್ಕಳ ಸಂಖ್ಯೆಯೂ ದೊಡ್ಡದು. ಮಕ್ಕಳ ಕೈಗೆ ಹಬ್ಬ ಮರಳಿ ಕೊಟ್ಟವನೂ ಮಕ್ಕಳ ಕೈಯ ಕೂಳು ಕಸಿದ ಆಡಳಿತದ ಮುಂಚೂಣಿಯಲ್ಲಿದ್ದವನೂ ಒಬ್ಬನೇ. ಯೋಲ್ಕಾದ ಕಥೆ ಹೇಳುವ ಎಷ್ಟೋ ಬರಹಗಳು ಇದನ್ನು ಬಿಟ್ಟುಬಿಡುತ್ತವೆ. ಬಿಡಬಾರದು.

ಮರಳಿ ಬಂದ ಮರ ಹಳೆಯದಾಗಿರಲಿಲ್ಲ. ಕ್ರಿಸ್‌ಮಸ್‌ನಿಂದ ಕಳಚಿ ಅದನ್ನು ಹೊಸ ವರ್ಷಕ್ಕೆ ಕಟ್ಟಲಾಯಿತು. ತುದಿಯಲ್ಲಿದ್ದ ಬೆತ್ಲೆಹೆಮ್ಮಿನ ನಕ್ಷತ್ರದ ಜಾಗಕ್ಕೆ ಐದು ಮೂಲೆಯ ಕೆಂಪು ನಕ್ಷತ್ರ ಬಂತು. ದೇವದೂತರ ಬದಲು ಪ್ಯಾರಾಚೂಟ್ ಕಟ್ಟಿಕೊಂಡು ಇಳಿಯುವವರು, ಕೆಂಪು ಸೇನೆಯ ಸೈನಿಕರು, ವಿಮಾನಗಳು, ಧ್ರುವಪ್ರದೇಶದ ಹಿಮಕರಡಿಗಳು. ಮುಂದೆ ಕ್ರುಶ್ಚೇವ್‌ನ ಕಾಲದಲ್ಲಿ ಗಾಜಿನ ಮೆಕ್ಕೆಜೋಳದ ತೆನೆ, ಗಗಾರಿನ್ ಹಾರಿದ ಮೇಲೆ ಗಗನಯಾತ್ರಿಗಳು. ದೇಶ ಯಾವುದರ ಬೆನ್ನು ಹತ್ತಿದೆಯೆಂದು ಮರ ನೋಡಿಯೇ ಹೇಳಬಹುದಾಗಿತ್ತು. ಉಡುಗೊರೆ ತರಲು ದೆದ್ ಮೊರೋಜ್, ಅಂದರೆ ಚಳಿಯಜ್ಜ. ಅವನ ಜೊತೆಗೆ ಹಿಮದ ಹುಡುಗಿ ಸ್ನೆಗುರೊಚ್ಕಾ. ಅವಳನ್ನು ಜನ ಬಲ್ಲದ್ದು ಒಸ್ತ್ರೋವ್‌ಸ್ಕಿ 1873ರಲ್ಲಿ ಬರೆದ ನಾಟಕದಿಂದ, ಅದನ್ನು ರಿಮ್‌ಸ್ಕಿ-ಕೊರ್ಸಕೋವ್ ಒಪೆರಾ ಮಾಡಿದ್ದರಿಂದ. ಇಬ್ಬರೂ ಜನಪದ ಕಥೆಗಳ ಕಡೆಯವರು, ಚರ್ಚಿನ ಸಂತರ ಪಟ್ಟಿಯಲ್ಲಿ ಇಲ್ಲದವರು. ಸಂತ ನಿಕೊಲಾಸನ ಕೆಲಸವನ್ನು ಅವರಿಗೆ ವಹಿಸಲಾಯಿತು. ಮಕ್ಕಳು ಹಾಡಿದ್ದು ಮಾತ್ರ ಹಳೆಯ ಹಾಡನ್ನೇ. ಕಾಡಿನಲ್ಲಿ ಹುಟ್ಟಿದ ಪುಟ್ಟ ಮರದ ಆ ಹಾಡನ್ನು ರೈಸಾ ಕುದಾಶೆವಾ 1903ರಲ್ಲಿ ‘ಮಲ್ಯೂತ್ಕಾ’ ಎಂಬ ಮಕ್ಕಳ ಪತ್ರಿಕೆಗೆ ಬರೆದಿದ್ದಳು, ಎರಡು ವರ್ಷದ ನಂತರ ಲಿಯೊನಿದ್ ಬೆಕ್‌ಮನ್ ತನ್ನ ಮಗಳಿಗಾಗಿ ರಾಗ ಹಾಕಿದ್ದ. ಬರೆದದ್ದು ಕ್ರಿಸ್‌ಮಸ್‌ಗಾಗಿ. ಹಾಡಿನೊಳಗೆ ದೇವರ ಹೆಸರಿಲ್ಲವಾದ್ದರಿಂದ ಅದು ಸೋವಿಯತ್ ಹಬ್ಬದ ಹಾಡಾಯಿತು.

1937ರ ಹೊಸ ವರ್ಷಕ್ಕೆ ಮಾಸ್ಕೋದ ‘ಕಾರ್ಮಿಕ ಸಂಘಗಳ ಭವನ’ದ ಕಂಬಗಳ ಸಭಾಂಗಣದಲ್ಲಿ ಹದಿನೈದು ಮೀಟರ್ ಎತ್ತರದ ಮರ ನಿಂತಿತು. ಮಿಖಾಯಿಲ್ ಗರ್ಕಾವಿ ಎಂಬ ಕಲಾವಿದ ಚಳಿಯಜ್ಜನ ವೇಷದಲ್ಲಿ ಮಕ್ಕಳನ್ನು ಸ್ವಾಗತಿಸಿದ. ಅದೇ ಭವನದ ಇನ್ನೊಂದು ಸಭಾಂಗಣದಲ್ಲಿ ಜನವರಿ 23ರಂದು ಪ್ಯಾತಕೋವ್, ರಾದೆಕ್ ಮತ್ತಿತರ ಹಳೆಯ ಬೊಲ್ಷೆವಿಕರ ವಿಚಾರಣೆ ಶುರುವಾಗಿ ಜನವರಿ 30ಕ್ಕೆ ಮುಗಿಯಿತು. ಹೆಚ್ಚಿನವರಿಗೆ ಮರಣದಂಡನೆ. ಮಕ್ಕಳ ಕುಣಿತ ಮತ್ತು ಆ ತೀರ್ಪಿನ ನಡುವೆ ಇದ್ದದ್ದು ಕೆಲವೇ ವಾರ, ಒಂದೇ ಸೂರು. ಪೋಸ್ತಿಶೆವ್‌ನನ್ನು 1938ರ ಫೆಬ್ರವರಿಯಲ್ಲಿ ಬಂಧಿಸಿ, 1939ರ ಫೆಬ್ರವರಿ 26ರಂದು ಗುಂಡಿಟ್ಟು ಕೊಂದರು. ಮರಕ್ಕಾಗಿ ಸೂಚನೆ ಕಳಿಸಿದ್ದ ಕೊಸರೆವ್‌ನನ್ನೂ ಅದೇ ತಿಂಗಳು ಕೊಂದರು. ಪೋಸ್ತಿಶೆವ್‌ನ ಹೆಸರು ಪುಸ್ತಕಗಳಿಂದ ಅಳಿದುಹೋಯಿತು. ಯೋಲ್ಕಾ ಮಾತ್ರ ಆಗಲೇ ಅವನ ಕೈದಾಟಿ ಜನರ ಕೈ ಸೇರಿತ್ತು.

ಯುದ್ಧ ಬಂದಾಗ ಅದು ಎಷ್ಟು ಆಳಕ್ಕೆ ಇಳಿದಿದೆಯೆಂದು ತಿಳಿಯಿತು. 1942ರ ಜನವರಿಯಲ್ಲಿ, ಜರ್ಮನ್ ಸೇನೆ ಸುತ್ತುವರಿದು ಲೆನಿನ್‌ಗ್ರಾದ್ ಹಸಿವಿನಿಂದ ಸಾಯುತ್ತಿದ್ದ ಅತಿ ಕೆಟ್ಟ ದಿನಗಳಲ್ಲಿ, ಅಲ್ಲಿನ ರಂಗಮಂದಿರಗಳಲ್ಲಿ, ಶಾಲೆಗಳಲ್ಲಿ ಮಕ್ಕಳಿಗೆ ಯೋಲ್ಕಾ ನಡೆಸಿದರು. ಮಕ್ಕಳು ಬಂದದ್ದು ಮರಕ್ಕಿಂತ ಹೆಚ್ಚಾಗಿ ಅಲ್ಲಿ ಬಡಿಸುವ ಊಟಕ್ಕೆ. ಕೋಟು ಕಳಚದೆ ಕುಳಿತು ನಾಟಕ ನೋಡಿ, ಸೂಪು ಉಂಡು, ಮನೆಯಲ್ಲಿದ್ದವರಿಗೆಂದು ಒಂದಿಷ್ಟು ಎತ್ತಿಟ್ಟುಕೊಂಡು ಹೋದರು. ಅಂಥ ಕಡೆ ಹಬ್ಬ ಧರ್ಮದ್ದೋ ಸರ್ಕಾರದ್ದೋ ಎಂದು ಕೇಳುವುದಕ್ಕೆ ಯಾರಿಗೂ ಬಾಯಿ ಬರಲಾರದು. 1943ರ ಸೆಪ್ಟೆಂಬರಿನಲ್ಲಿ ಸ್ಟಾಲಿನ್ ಚರ್ಚಿನ ಹಿರಿಯರನ್ನು ಕರೆಸಿ ಮಾತಾಡಿ ಹಿಡಿತ ತುಸು ಸಡಿಲಿಸಿದ. ಆದರೂ ಕ್ರಿಸ್‌ಮಸ್‌ಗೆ ರಜೆ ಮರಳಲಿಲ್ಲ. 1947ರ ಡಿಸೆಂಬರಿನ ಆದೇಶದಿಂದ ಜನವರಿ 1 ರಜೆಯ ದಿನವಾಯಿತು. ಅದಕ್ಕೆ ಪ್ರತಿಯಾಗಿ ಮೇ 9ರ ವಿಜಯ ದಿನದ ರಜೆಯನ್ನು ಕಿತ್ತುಕೊಂಡರು.

ಅಲ್ಲಿಂದ ಮುಂದಿನ ನಾಲ್ಕು ದಶಕಗಳಲ್ಲಿ ಹೊಸ ವರ್ಷ ಸೋವಿಯತ್ ಜನರ ಅತಿ ಪ್ರೀತಿಯ ಹಬ್ಬವಾಗಿ ಬೆಳೆಯಿತು. ಕಾರ್ಮಿಕರ ದಿನವಾದ ಮೇ 1ಕ್ಕೂ ಕ್ರಾಂತಿಯ ದಿನವಾದ ನವೆಂಬರ್ 7ಕ್ಕೂ ಬಾವುಟ ಹಿಡಿದು ಮೆರವಣಿಗೆಯಲ್ಲಿ ನಡೆಯಬೇಕು, ಘೋಷಣೆ ಕೂಗಬೇಕು. ಡಿಸೆಂಬರ್ 31ರ ರಾತ್ರಿ ಯಾರೂ ಎಲ್ಲಿಗೂ ಹೋಗಬೇಕಿಲ್ಲ. ಆಲೂಗಡ್ಡೆ, ಬಟಾಣಿ, ಮೇಯನೇಸ್ ಕಲೆಸಿದ ಒಲಿವಿಯೇ ಸಲಾಡ್, ವಾರಗಟ್ಟಲೆ ಮೊದಲೇ ಸಾಲಿನಲ್ಲಿ ನಿಂತು ಸಂಪಾದಿಸಿದ ಕಿತ್ತಳೆ, ‘ಸೋವಿಯತ್ ಶಾಂಪೇನ್’, ಟಿವಿಯಲ್ಲಿ ಕ್ರೆಮ್ಲಿನ್ ಗಡಿಯಾರದ ಹನ್ನೆರಡು ಗಂಟೆ. 1976ರ ಜನವರಿ 1ರಂದು ಟಿವಿಯಲ್ಲಿ ಮೊದಲು ಬಂದ ಎಲ್ದಾರ್ ರ‍್ಯಜಾನೊವ್‌ನ ‘ವಿಧಿಯ ವ್ಯಂಗ್ಯ’ ಚಿತ್ರವನ್ನು ಆಮೇಲೆ ಪ್ರತಿ ವರ್ಷವೂ ಜನ ನೋಡಿದರು. ನಂಬಿಕೆಯುಳ್ಳ ಮನೆಗಳಲ್ಲಿ ಅದೇ ಮರ ಜನವರಿ 7ರವರೆಗೂ ನಿಲ್ಲುತ್ತಿತ್ತು. ಜನವರಿ 1ಕ್ಕೆ ಅದು ಸೋವಿಯತ್ ಮರ, ಆರು ದಿನ ಕಳೆದರೆ ಕ್ರಿಸ್ತನ ಮರ, ಪ್ರಶ್ನಿಸುವವರೂ ಇಲ್ಲ. ನವಕರ್ನಾಟಕದ ಮಳಿಗೆಗಳಿಂದ ಅಗ್ಗದ ಬೆಲೆಗೆ ನಮ್ಮ ಮನೆಗಳಿಗೆ ಬರುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಹಿಮ, ಹಿಮಗಾಡಿ, ಸ್ಪ್ರೂಸ್ ಕಾಡುಗಳ ಆ ಲೋಕ ಪರಿಚಿತ. ಆ ಲೋಕದಲ್ಲಿ ಒಂದು ಮರ ಇಷ್ಟು ಜಗಳ ಕಂಡಿತ್ತೆಂಬ ಸುಳಿವು ಮಾತ್ರ ಆ ಚೆಂದದ ಚಿತ್ರಗಳಲ್ಲಿ ಸಿಗುತ್ತಿರಲಿಲ್ಲ.

ಹಬ್ಬದಿಂದ ದೇವರನ್ನು ತೆಗೆದದ್ದರಲ್ಲಿ ಒಂದು ಅನಿರೀಕ್ಷಿತ ಫಲವೂ ಇತ್ತು. ರಷ್ಯನ್ನರು, ಯಹೂದಿಗಳು, ತಾತಾರರು, ಉಜ್ಬೆಕ್ಕರು, ಅರ್ಮೇನಿಯನ್ನರು ಒಂದೇ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಒಬ್ಬರಿಗೊಬ್ಬರು ಶುಭ ಕೋರಬಹುದಾಗಿತ್ತು. ಬಲವಂತದಿಂದ ಹುಟ್ಟಿದ್ದರೂ ಆ ನೆರೆಹೊರೆತನ ಸುಳ್ಳಾಗಿರಲಿಲ್ಲ ಎಂದು ನಾನು ನಂಬುತ್ತೇನೆ.

ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಾಗ, 1990ರ ಡಿಸೆಂಬರ್ 27ರಂದು, ರಷ್ಯದ ಸಂಸತ್ತು ಜನವರಿ 7ನ್ನು ಮತ್ತೆ ರಜೆ ಮಾಡಿತು. ಚರ್ಚುಗಳು ತುಂಬಿದವು. ಕ್ರಿಸ್‌ಮಸ್ ಮರಳಿತು, ಹೊಸ ವರ್ಷವೂ ಜಾಗ ಬಿಡಲಿಲ್ಲ. ಚರ್ಚಿಗೆ ಹೋಗತೊಡಗಿದ ಹೊಸ ಭಕ್ತರು ವ್ರತದ ದಿನಗಳಲ್ಲಿ ಒಲಿವಿಯೇ ಸಲಾಡ್ ತಿನ್ನಬಹುದೇ, ಮೇಯನೇಸ್ ಇಲ್ಲದೆ ಮಾಡಿದರೆ ಆಗುತ್ತದೆಯೇ ಎಂದು ಪಾದ್ರಿಗಳನ್ನು ಕೇಳಿದರು. 1918ರಲ್ಲಿ ಪಂಚಾಂಗ ಕಟ್ಟಿದ ಗಂಟು ಇನ್ನೂ ಬಿಚ್ಚಿಲ್ಲ.

ಒಕ್ಕೂಟದಿಂದ ಬೇರೆಯಾದ ದೇಶಗಳಲ್ಲಿ ಮರದ ಮೇಲೆ ಹೊಸ ಆರೋಪಗಳು ಬಂದವು. ಬಹುಪಾಲು ಮುಸ್ಲಿಮರಿರುವ ತಜಿಕಿಸ್ತಾನದಲ್ಲಿ 2015ರ ಡಿಸೆಂಬರಿನಲ್ಲಿ ಶಿಕ್ಷಣ ಸಚಿವಾಲಯ ಶಾಲೆಗಳಲ್ಲಿ ಯೋಲ್ಕಾ ನಿಲ್ಲಿಸುವುದನ್ನೂ ಉಡುಗೊರೆ ಹಂಚುವುದನ್ನೂ ನಿಷೇಧಿಸಿತು. ಉಕ್ರೇನ್ 2017ರಲ್ಲಿ ಜನವರಿ 7ರ ಜೊತೆಗೆ ಡಿಸೆಂಬರ್ 25ಕ್ಕೂ ರಜೆ ಕೊಟ್ಟಿತು. ರಷ್ಯ ದಂಡೆತ್ತಿ ಬಂದ ಮೇಲೆ, 2023ರ ಜುಲೈ 28ರಂದು ಅಧ್ಯಕ್ಷ ಝೆಲೆನ್‌ಸ್ಕಿ ಸಹಿ ಹಾಕಿದ ಕಾನೂನು ಜನವರಿ 7ನ್ನು ಕೈಬಿಟ್ಟು ಡಿಸೆಂಬರ್ 25 ಒಂದನ್ನೇ ಉಳಿಸಿತು. ಅಲ್ಲಿ ಚಳಿಯಜ್ಜ ಮಾಸ್ಕೋದವನೆನಿಸಿ ಹಿಂದೆ ಸರಿದ, ಸಂತ ನಿಕೊಲಾಸ್ ಮುಂದೆ ಬಂದ. ದೇವರಿದ್ದಾನೆಂದು ಒಂದು ಕಾಲಕ್ಕೆ ತಳ್ಳಿದ ಹಬ್ಬವನ್ನು ಈಗ ದೇವರಿಲ್ಲದೆ ಬೆಳೆದದ್ದೆಂದು ಅನುಮಾನಿಸುವ ಕಾಲ ಬಂತು.

ಅತಿ ನೋವಿನ ವಾದ ನಡೆದದ್ದು ಇಸ್ರೇಲಿನಲ್ಲಿ. 1989ರ ನಂತರ ಸೋವಿಯತ್ ನೆಲದಿಂದ ಸುಮಾರು ಹತ್ತು ಲಕ್ಷ ಜನ ಅಲ್ಲಿಗೆ ಹೋಗಿ ನೆಲೆಸಿದರು. ಅವರ ಪೆಟ್ಟಿಗೆಗಳಲ್ಲಿ ಮರಕ್ಕೆ ಕಟ್ಟುವ ಹಳೆಯ ಗಾಜಿನ ಗುಂಡುಗಳೂ ಇದ್ದವು. ಡಿಸೆಂಬರ್ ಬಂದು ಅವರು ಮನೆಯಲ್ಲಿ ಮರ ನಿಲ್ಲಿಸಿದಾಗ ನೆರೆಯವರಿಗೆ ಕಂಡದ್ದು ಕ್ರಿಸ್‌ಮಸ್. ಯಹೂದಿ ಮನೆಯಲ್ಲಿ ಕ್ರೈಸ್ತರ ಮರವೇ, ಇವರು ನಿಜಕ್ಕೂ ಯಹೂದಿಗಳೇ ಎಂಬ ಪ್ರಶ್ನೆ ಎದ್ದಿತು. ಶಾಲೆಗೆ ಹೋಗುವ ಮಕ್ಕಳು ಗೆಳೆಯರನ್ನು ಆ ವಾರ ಮನೆಗೆ ಕರೆಯಲು ಹಿಂಜರಿದರು. ರಷ್ಯದಲ್ಲಿ ಯಹೂದಿಗಳೆಂದು ಅವಮಾನ ಉಂಡಿದ್ದವರು ಇಲ್ಲಿ ಯಹೂದಿಗಳಲ್ಲವೆಂದು ಮಾತು ಕೇಳಬೇಕಾಯಿತು. ಅವರಿಗೆ ಈ ಮರದಲ್ಲಿ ಯಾವ ಧರ್ಮವೂ ಇರಲಿಲ್ಲ. ಸಿನಗಾಗ್‌ಗಳನ್ನು ಮುಚ್ಚಿಸಿಕೊಂಡು, ತಮ್ಮ ಹಬ್ಬಗಳನ್ನೆಲ್ಲ ಕಳೆದುಕೊಂಡಿದ್ದ ಒಂದು ಪೀಳಿಗೆಗೆ ಪಕ್ಷವೂ ಪಾದ್ರಿಯೂ ಇಲ್ಲದೆ ಉಳಿದಿದ್ದ ಒಂದೇ ಮನೆಯ ಹಬ್ಬ ಅದು.

2015ರಲ್ಲಿ ಆ ವಲಸಿಗರ ಮಕ್ಕಳು ‘ಇಸ್ರೇಲಿ ನೋವಿ ಗೋದ್’, ಅಂದರೆ ಇಸ್ರೇಲಿ ಹೊಸ ವರ್ಷ, ಎಂಬ ಅಭಿಯಾನ ಶುರುಮಾಡಿದರು. ರಷ್ಯನ್ ಭಾಷೆ ಬಾರದ ಗೆಳೆಯರನ್ನು ಆ ರಾತ್ರಿ ತಂದೆತಾಯಿಯ ಮನೆಗೆ ಊಟಕ್ಕೆ ಕರೆದುಕೊಂಡು ಹೋಗಿ, ಮರ ಏನು, ಯಾಕೆ ಎಂದು ಅಜ್ಜ ಅಜ್ಜಿಯರ ಬಾಯಿಂದಲೇ ಕೇಳಿಸಿದರು. ಮಾಸ್ಕೋದಲ್ಲಿ ನಡುರಾತ್ರಿಯಾದಾಗ ಇಸ್ರೇಲಿನಲ್ಲಿ ರಾತ್ರಿ ಹನ್ನೊಂದು. ಹಾಗಾಗಿ ಎಷ್ಟೋ ಮನೆಗಳಲ್ಲಿ ಒಮ್ಮೆ ಬಿಟ್ಟು ಬಂದ ಊರಿನ ಹೊತ್ತಿಗೆ ಲೋಟ ಎತ್ತುತ್ತಾರೆ, ಒಂದು ಗಂಟೆಯ ನಂತರ ಇರುವ ಊರಿನ ಹೊತ್ತಿಗೆ ಇನ್ನೊಮ್ಮೆ. ಜನವರಿ 1 ಅಲ್ಲಿ ಸಾರ್ವಜನಿಕ ರಜೆಯಲ್ಲ, ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ.